ಥೆರಪಿಸ್ಟ್ ಪತ್ರ ಇದ್ದರೆ ನಾಯಿಯನ್ನು ವಿಮಾನದಲ್ಲಿ ಜೊತೆಗೇ ಕರೆದೊಯ್ಯಬಹುದಾ?

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿದ್ದೇನೆ. ನನಗೆ ವಿಪರೀತ ಆತಂಕದ ತೊಂದರೆ ಇದೆ. ನನ್ನ ನಾಯಿ ಎಮೋಷನಲ್ ಸಪೋರ್ಟ್ ಅನಿಮಲ್, ಅಂದರೆ ಜೊತೆಗಿದ್ದು ಮನಸ್ಸಿಗೆ ಸಮಾಧಾನ ಕೊಡುವ ಪ್ರಾಣಿ, ಎಂದು ಥೆರಪಿಸ್ಟ್ ಪತ್ರ ಕೊಟ್ಟಿದ್ದಾರೆ. ಮನೆ ಮಾಲೀಕರು ಅದನ್ನು ನೋಡಿ ಒಪ್ಪಿಕೊಂಡರು. ವಿಮಾನದಲ್ಲೂ ಅದೇ ಪತ್ರ ಸಾಕಾ?

ಉತ್ತರ: ಸಾಲದು. ಮನೆ ಬಾಡಿಗೆಗೆ ಒಂದು ಕಾನೂನು, ವಿಮಾನಕ್ಕೆ ಇನ್ನೊಂದು. ಮನೆಯ ವಿಷಯದಲ್ಲಿ ಪತ್ರಕ್ಕೆ ಈಗಲೂ ಬೆಲೆ ಇದೆ. ವಿಮಾನದಲ್ಲೂ ಮೊದಲು ಇತ್ತು. ಆದರೆ ಜನ ಅದನ್ನು ಎಲ್ಲಿಗೋ ಒಯ್ದರು. 2018ರಲ್ಲಿ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ಎಮೋಷನಲ್ ಸಪೋರ್ಟ್ ಅನಿಮಲ್ ಎಂದು ನವಿಲನ್ನೇ ತಂದಿದ್ದರು! ಯುನೈಟೆಡ್ ಏರ್‌ಲೈನ್ಸ್ ಹತ್ತಿಸಿಕೊಳ್ಳಲಿಲ್ಲ, ಬಿಡಿ.

2021ರ ಜನವರಿ 11ರಿಂದ ಹೊಸ ನಿಯಮ ಜಾರಿಯಲ್ಲಿದೆ. ಅದರ ಪ್ರಕಾರ ವಿಮಾನದಲ್ಲಿ ಜೊತೆಗೆ ಕರೆದೊಯ್ಯುವ ಹಕ್ಕು ಇರುವುದು ಸರ್ವಿಸ್ ಅನಿಮಲ್‌ಗೆ ಮಾತ್ರ. ಸರ್ವಿಸ್ ಅನಿಮಲ್ ಅಂದರೆ ನಾಯಿ ಮಾತ್ರ. ಅದೂ ಅಂಗವೈಕಲ್ಯ ಇರುವವರಿಗಾಗಿ ನಿರ್ದಿಷ್ಟ ಕೆಲಸ ಕಲಿತ ನಾಯಿ. ಉಳಿದದ್ದನ್ನೆಲ್ಲ ವಿಮಾನ ಕಂಪನಿ ಸಾಕುಪ್ರಾಣಿ ಎಂದು ಪರಿಗಣಿಸಬಹುದು. ದೊಡ್ಡ ಕಂಪನಿಗಳು ಹಾಗೇ ಮಾಡುತ್ತಿವೆ. ಅಂದರೆ ಸೀಟಿನ ಕೆಳಗೆ ಹಿಡಿಸುವ ಚೀಲದೊಳಗೆ ನಾಯಿ, ಒಂದು ಕಡೆಗೆ ಸುಮಾರು 100ರಿಂದ 150 ಡಾಲರ್ ಶುಲ್ಕ. ನಿಮ್ಮದು ಲ್ಯಾಬ್ರಡಾರ್ ಆಗಿದ್ದರೆ ಆ ದಾರಿಯೂ ಇಲ್ಲ.

ಹಾಗಂತ ಮನಸ್ಸಿನ ಕಾಯಿಲೆಗೆ ಕಾನೂನಿನಲ್ಲಿ ಜಾಗ ಇಲ್ಲ ಅಂದುಕೊಳ್ಳಬೇಡಿ. ಸೈಕಿಯಾಟ್ರಿಕ್ ಸರ್ವಿಸ್ ಡಾಗ್‌ಗೂ (ಮನಸ್ಸಿನ ಕಾಯಿಲೆ ಇರುವವರಿಗಾಗಿ ಕೆಲಸ ಕಲಿತ ನಾಯಿ) ಕುರುಡರ ನಾಯಿಗೂ ಈಗ ಒಂದೇ ನಿಯಮ. ವ್ಯತ್ಯಾಸ ಇರುವುದು ನಾಯಿ ಏನು ಮಾಡುತ್ತದೆ ಅನ್ನುವುದರಲ್ಲಿ. ಪಕ್ಕದಲ್ಲಿ ಮಲಗಿದ್ದರೆ ನಿಮಗೆ ಸಮಾಧಾನ ಆಗುತ್ತದೆ ಅಲ್ವಾ, ಅದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಪ್ಯಾನಿಕ್ ಅಟ್ಯಾಕ್ ಶುರುವಾಗುವುದನ್ನು ಗುರುತಿಸಿ ಮೂತಿಯಿಂದ ತಿವಿದು ಎಚ್ಚರಿಸುವುದು, ಮೈಮೇಲೆ ಭಾರ ಹಾಕಿ ಮಲಗಿ ನಡುಕ ತಗ್ಗಿಸುವುದು, ಮಾತ್ರೆ ತಂದುಕೊಡುವುದು, ಇವು ಬರುತ್ತವೆ. ಇದನ್ನು ಯಾವುದೋ ದುಬಾರಿ ಸಂಸ್ಥೆಯಲ್ಲೇ ಕಲಿಸಬೇಕು ಅಂತೇನಿಲ್ಲ. ನೀವೇ ಕಲಿಸಬಹುದು. ಆದರೆ ಕಲಿಕೆ ಪೂರ್ತಿ ಮುಗಿದಿರಬೇಕು. ಗದ್ದಲದಲ್ಲೂ ಬೊಗಳದೆ, ಯಾರ ಮೇಲೂ ಎಗರದೆ ಇರಬೇಕು. ಇಲ್ಲದಿದ್ದರೆ ಗೇಟ್‌ನಲ್ಲೇ ತಡೆಯಬಹುದು. ನನ್ನ ಪ್ರಕಾರ ಇದು ನ್ಯಾಯವೇ. ಏನೂ ಕಲಿಸದೆ ಸುಮ್ನೆ ಸರ್ವಿಸ್ ನಾಯಿಯ ಕೋಟು ತೊಡಿಸಿ ತಂದ ನಾಯಿಗಳಿಂದ ತೊಂದರೆ ಆಗಿದ್ದು ನಿಜವಾಗಿ ನಾಯಿ ಬೇಕಾದವರಿಗೇ.

ಅಂತರ್ಜಾಲದಲ್ಲಿ ದುಡ್ಡಿಗೆ ಸಿಗುವ ‘ನೋಂದಣಿ ಪತ್ರ’ ಕೊಳ್ಳಬೇಡಿ. ಅಮೆರಿಕ ಸರ್ಕಾರದಲ್ಲಿ ಅಂಥ ನೋಂದಣಿಯೇ ಇಲ್ಲ. ಕಂಪನಿ ಕೇಳಬಹುದಾದದ್ದು ಸಾರಿಗೆ ಇಲಾಖೆಯ ಫಾರಂ. ಆರೋಗ್ಯ, ರೇಬೀಸ್ ಲಸಿಕೆ, ತರಬೇತಿ, ನಡವಳಿಕೆ ಎಲ್ಲ ಅದರಲ್ಲಿ ಬರೆಯಬೇಕು. ಮುಂಚಿತವಾಗಿ ಟಿಕೆಟ್ ಮಾಡಿಸಿದ್ದರೆ 48 ಗಂಟೆ ಮೊದಲೇ ಕೇಳಬಹುದು. ಎಂಟು ಗಂಟೆ ಅಥವಾ ಜಾಸ್ತಿ ಹಾರಾಟವಾದರೆ ನಾಯಿಯ ಮಲಮೂತ್ರದ ಬಗ್ಗೆ ಇನ್ನೊಂದು ಫಾರಂ. ಸುಳ್ಳು ಬರೆದರೆ ಅಪರಾಧ.

ಎಲ್ಲ ಸರಿಯಿದ್ದೂ ಕೌಂಟರ್‌ನಲ್ಲಿ ಬೇಡ ಅಂದರೆ ಜಗಳಕ್ಕೆ ನಿಲ್ಲಬೇಡಿ. ‘ಕಂಪ್ಲೇಂಟ್ ರೆಸಲ್ಯೂಷನ್ ಅಫಿಷಿಯಲ್ ಜೊತೆ ಮಾತಾಡಬೇಕು’ ಅನ್ನಿ. ಅಂದರೆ ಇಂಥ ದೂರು ಬಗೆಹರಿಸುವ ಕಂಪನಿಯ ಅಧಿಕಾರಿ. ಆ ಅಧಿಕಾರಿಯನ್ನು ಎದುರಿಗೋ ಫೋನಿನಲ್ಲೋ ಒದಗಿಸುವುದು ಕಂಪನಿಯ ಹೊಣೆ.