ಉಕ್ಕಿನ ದಪ್ಪವಲ್ಲ, ಕೂದಲೆಳೆಯ ಲೆಕ್ಕ

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಉಗಿ ಎಂಜಿನ್ನಿನ ಮೈ ತಟ್ಟಿ "ವಿಲಾಯತಿ ಮಾಲು, ಅದಕ್ಕೇ ಇಷ್ಟು ಗಟ್ಟಿ" ಎನ್ನುವವರು ಇಂದಿಗೂ ಸಿಗುತ್ತಾರೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ಚರಿತ್ರೆಯೇ ಸೊಗಸಾದ ಪ್ರಯೋಗವೊಂದನ್ನು ನಡೆಸಿಕೊಟ್ಟಿದೆ. ವೈಪಿ ಎಂಬ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿಯ) ಉಗಿ ಎಂಜಿನ್ನುಗಳು 1949ರಿಂದ 1970ರವರೆಗೆ ಒಟ್ಟು 871 ತಯಾರಾದವು. ಅಮೆರಿಕದ ಬಾಲ್ಡ್‌ವಿನ್ ಕಂಪನಿ 20, ಗ್ಲಾಸ್ಗೋದ ನಾರ್ತ್ ಬ್ರಿಟಿಷ್ 200, ಮ್ಯೂನಿಕ್‌ನ ಕ್ರೌಸ್-ಮಾಫೈ 200, ನಮ್ಮ ಜಮ್‌ಶೆಡ್‌ಪುರದ ಟಾಟಾ ಕಂಪನಿ ಟೆಲ್ಕೊ 451. ವಿನ್ಯಾಸ ಒಂದೇ ಆದ್ದರಿಂದ ಉಳಿಯುವುದು ಕೈಕೆಲಸದ ವ್ಯತ್ಯಾಸ ಮಾತ್ರ.

ಅದನ್ನು ಹೊಳೆಯುವ ಹಿತ್ತಾಳೆಯಲ್ಲಿ ಹುಡುಕಬೇಡಿ. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಉದ್ದನೆಯ ಸರಳನ್ನು ನೋಡಿ. ವೈಪಿಯಲ್ಲಿ ಇಂಥ ಮೂರು ಜೋಡಿ ಚಾಲಕ ಚಕ್ರಗಳಿವೆ. ಅಚ್ಚುಗಳ (ಆಕ್ಸಲ್‌ಗಳ) ನಡುವಿನ ದೂರವೂ ಸರಳಿನ ರಂಧ್ರಗಳ ನಡುವಿನ ದೂರವೂ ತಾಳೆಯಾಗಬೇಕು. ಎಡಬಲದ ಕ್ರ್ಯಾಂಕ್‌ಗಳ (ಸರಳು ಸಿಕ್ಕಿಸುವ ತಿರುಗುಗೈಗಳ) ನಡುವೆ 90 ಡಿಗ್ರಿ ಕೋನವಿರಬೇಕು. ನನಗೆ ಬಹಳ ಇಷ್ಟವಾದ ಸೂಕ್ಷ್ಮ ಇಲ್ಲಿದೆ: ಆ ಕೋನ ಚೂರು ತಪ್ಪಿದರೂ ನಡೆದೀತು, ಆದರೆ ಮೂರೂ ಅಚ್ಚುಗಳಲ್ಲಿ ಒಂದೇ ರೀತಿ ತಪ್ಪಿರಬೇಕು! ಪಲ್ಲಕ್ಕಿ ಹೊರುವವರಲ್ಲಿ ಒಬ್ಬನ ಹೆಜ್ಜೆ ತಪ್ಪಿದರೆ ಎಲ್ಲರ ಹೆಗಲೂ ನೋಯುವಂತೆ, ಒಂದು ಅಚ್ಚು ಬೇರೆಯಾದರೆ ಸರಳು ಪ್ರತಿ ಸುತ್ತಿನಲ್ಲೂ ಎಳೆದಾಡುತ್ತದೆ. ಚಕ್ರದ ವ್ಯಾಸ 1,372 ಮಿಲಿಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಸುತ್ತು. ಬೇರಿಂಗ್ ಸವೆಯುತ್ತದೆ, ಸಡಿಲವಾಗುತ್ತದೆ, ಬಡಿಯತೊಡಗುತ್ತದೆ. ಬಡಿತ ಹೆಚ್ಚಿದಷ್ಟೂ ಸವೆತವೂ ಹೆಚ್ಚು. ಮೇಲಿನ ಉಕ್ಕು ಎಷ್ಟೇ ದಪ್ಪವಿರಲಿ, ಎಂಜಿನ್ ಕಾರ್ಯಾಗಾರ ಸೇರಲೇಬೇಕು.

ಇಂಗ್ಲೆಂಡಿನ ಸ್ವಿಂಡನ್ ಕಾರ್ಯಾಗಾರ 1930ರ ದಶಕದಲ್ಲಿ ಎಂಜಿನ್ ಚೌಕಟ್ಟಿನ ನೇರ ನೋಡಲು ಜರ್ಮನಿಯ ಝೈಸ್ ಕಂಪನಿಯ ದೃಗ್ಯಂತ್ರವನ್ನು ತರಿಸಿಕೊಂಡಿತು. ಉಗಿಯ ತವರಿನವರೇ ಅಳತೆಗಾಗಿ ಹೊರದೇಶದ ಉಪಕರಣ ಕೊಂಡರು. ಗುಣಮಟ್ಟ ನೆತ್ತರಿನಲ್ಲಿ ಬರುವುದಿಲ್ಲ, ಅಳತೆಯಿಂದ ಬರುತ್ತದೆ. ಜಮ್‌ಶೆಡ್‌ಪುರಕ್ಕೂ ಅದು ದಕ್ಕಿತು.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ದೊಡ್ಡ ದುರಸ್ತಿಗೆ ಬಂದ ಎಂಜಿನ್ನಿನಿಂದ ಬಾಯ್ಲರ್ ಇಳಿಸಿ, ಸಿದ್ಧವಿರುವ ಬೇರೊಂದನ್ನು ಏರಿಸುವುದು ಉಗಿಯ ಕಾಲದಲ್ಲಿ ರೈಲ್ವೆಯ ವಾಡಿಕೆಯಾಗಿತ್ತು. ಬೇರಿಂಗ್‌ಗಳಿಗೆ ಹೊಸ ಲೋಹ ಬೀಳುತ್ತಿತ್ತು, ಚಕ್ರಗಳಿಗೆ ಹೊಸ ಪಟ್ಟಿ ಏರುತ್ತಿತ್ತು. ಇಪ್ಪತ್ತು ವರ್ಷ ದುಡಿದ ವೈಪಿಯ ಫಲಕದಲ್ಲಿ ಗ್ಲಾಸ್ಗೋ ಎಂದಿದ್ದರೂ, ಅದರ ಓಟದ ಸೊಗಸಿನಲ್ಲಿ ಅದನ್ನು ಬಿಚ್ಚಿ ಜೋಡಿಸಿದ ಇಲ್ಲಿನ ಫಿಟ್ಟರ್‌ಗಳ ಪಾಲು ಗ್ಲಾಸ್ಗೋದವರ ಪಾಲಿಗಿಂತ ಕಡಿಮೆಯಿರಲಿಲ್ಲ.