ಗ್ರಾಂಟ್ ನಿಜಕ್ಕೂ ‘ಕಟುಕ’ನೇ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ, ದೇಶದಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳ ಪರ ಹೋರಾಡಿದ ಲೀ ಚಾಣಾಕ್ಷ ಸೇನಾಪತಿ, ಉತ್ತರದ ಸೇನಾಪತಿ ಗ್ರಾಂಟ್ ಬರೀ ಸಂಖ್ಯಾಬಲದಿಂದ ಗೆದ್ದ ಕಟುಕ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಆದರೆ ಈ ಮಾತು ಸುಮ್ಮನೆ ಹುಟ್ಟಿದ್ದೂ ಅಲ್ಲ. 1864ರ ಮೇ, ಜೂನ್ ತಿಂಗಳಲ್ಲಿ ವರ್ಜೀನಿಯಾದ ಕಾಳಗಗಳಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಗ್ರಾಂಟ್ ಸುಮಾರು 55,000 ಸೈನಿಕರನ್ನು ಕಳೆದುಕೊಂಡ. ಜೂನ್ 3ರಂದು ಕೋಲ್ಡ್ ಹಾರ್ಬರ್‌ನಲ್ಲಿ, ಕಂದಕ ತೋಡಿಕೊಂಡು ಭದ್ರವಾಗಿ ಕೂತಿದ್ದ ಶತ್ರುವಿನ ಮೇಲೆ ನೇರ ದಾಳಿ ಮಾಡಿಸಿದ. ಗಾಯಾಳುಗಳು ದಿನಗಟ್ಟಲೆ ಎರಡು ಸೇನೆಗಳ ನಡುವೆ ನರಳುತ್ತ ಬಿದ್ದಿದ್ದರು. ಆ ದಾಳಿಗಾಗಿ ಸದಾ ವಿಷಾದಪಟ್ಟಿದ್ದೇನೆಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದನ್ನು ನಾನೂ ಸಮರ್ಥಿಸಲಾರೆ.

ಹಾಗಾದರೆ ಲೀಯ ಲೆಕ್ಕವನ್ನೂ ನೋಡಬೇಕು. 1863ರ ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್‌ನಲ್ಲಿ ತನಗಿಂತ ಇಮ್ಮಡಿ ಸೇನೆಯನ್ನು ಅವನು ಹಿಮ್ಮೆಟ್ಟಿಸಿದ್ದು ಅಸಾಧಾರಣ ಸಾಹಸ. ಆದರೆ ಎರಡೇ ತಿಂಗಳಲ್ಲಿ, ಜುಲೈ 3ರಂದು ಗೆಟ್ಟಿಸ್‌ಬರ್ಗ್‌ನಲ್ಲಿ, ಸುಮಾರು 12,500 ಮಂದಿಯನ್ನು ಮುಕ್ಕಾಲು ಮೈಲಿ ಬಯಲಿನಲ್ಲಿ ಫಿರಂಗಿಗಳಿಗೆ ಎದುರಾಗಿ ನಡೆಸಿದ. ಹೆಚ್ಚುಕಡಿಮೆ ಅರ್ಧದಷ್ಟು ಜನ ಅಲ್ಲೇ ಉರುಳಿದರು, ಇಲ್ಲವೇ ಸೆರೆಯಾದರು. ಇದು ಆಗದ ಕೆಲಸವೆಂದು ಅವನ ಹಿರಿಯ ಅಧಿಕಾರಿ ಲಾಂಗ್‌ಸ್ಟ್ರೀಟ್ ಮೊದಲೇ ಹೇಳಿದ್ದ. ಮನುಷ್ಯಬಲ ಕಡಿಮೆಯಿದ್ದ ಪಕ್ಷದ ಸೇನಾಪತಿಗೆ ಇಂಥ ದುಂದು ಹೇಗೆ ಸಲ್ಲುತ್ತದೆ?

ಮರುದಿನವೇ ಗ್ರಾಂಟ್, ಮಿಸಿಸಿಪಿ ನದಿಯ ದಡದಲ್ಲಿ ದಕ್ಷಿಣದವರ ವಶದಲ್ಲಿದ್ದ ವಿಕ್ಸ್‌ಬರ್ಗ್ ಕೋಟೆಯನ್ನು ಗೆದ್ದ. ಅವನ ಬುದ್ಧಿ ಕಾಣುವುದು ಇಲ್ಲಿ. ರಾತ್ರಿಯ ಕತ್ತಲಲ್ಲಿ ಹಡಗುಗಳನ್ನು ಕೋಟೆಯ ಫಿರಂಗಿಗಳ ಕೆಳಗೇ ದಾಟಿಸಿ, ದಕ್ಷಿಣಕ್ಕೆ ಹೋಗಿ ಮಿಸಿಸಿಪಿ ನದಿ ದಾಟಿದ. ಹದಿನೇಳು ದಿನಗಳಲ್ಲಿ ಐದು ಕಾಳಗ ಗೆದ್ದು, ಬಳಿಕ ಮುತ್ತಿಗೆ ಹಾಕಿದ. ಸುಮಾರು 29,000 ಮಂದಿ ಶರಣಾದರು. ಇಡೀ ಅಭಿಯಾನದಲ್ಲಿ ಅವನ ನಷ್ಟ ಸುಮಾರು 10,000. ಕಟುಕನ ಲೆಕ್ಕ ಹೀಗಿರುವುದಿಲ್ಲ.

ಸಂಖ್ಯಾಬಲದ ಮಾತಿಗೆ ಬಂದರೆ, ಗ್ರಾಂಟ್‌ಗಿಂತ ಮೊದಲು ವರ್ಜೀನಿಯಾದಲ್ಲಿ ಉತ್ತರದ ಸೇನೆಯನ್ನು ನಡೆಸಿದ ಮೆಕ್ಲೆಲನ್, ಬರ್ನ್‌ಸೈಡ್, ಹೂಕರ್ ಮೂವರಿಗೂ ಅದು ಇತ್ತು. ಮೂವರೂ ಲೀಗೆ ಎದುರಾಗಿ ಹಿಂದೆ ಸರಿದರು. 1864ರ ಮೇ 7ರ ರಾತ್ರಿ, ವೈಲ್ಡರ್‌ನೆಸ್ ಕಾಡಿನ ಭೀಕರ ಕಾಳಗದ ನಂತರ, ಸೈನಿಕರು ಮತ್ತೊಂದು ಹಿಮ್ಮೆಟ್ಟುವಿಕೆಯನ್ನೇ ನಿರೀಕ್ಷಿಸಿದ್ದರು. ಆದರೆ ಗ್ರಾಂಟ್ ದಕ್ಷಿಣಕ್ಕೆ, ಶತ್ರುವಿನ ರಾಜಧಾನಿ ರಿಚ್ಮಂಡ್ ಕಡೆಗೆ ತಿರುಗಿದ. ಪ್ರಾಣ ಪಣಕ್ಕಿಟ್ಟಿದ್ದ ಆ ಸೈನಿಕರೇ ಜಯಘೋಷ ಮಾಡಿದರು.

ಇಷ್ಟಾದರೂ ಕಟುಕನೆಂಬ ಹೆಸರು ಉಳಿದದ್ದೇಕೆ? ಯುದ್ಧ ಮುಗಿದ ಮೇಲೆ ಜುಬಲ್ ಅರ್ಲಿಯಂಥ ದಕ್ಷಿಣದ ಅಧಿಕಾರಿಗಳು ಕಥೆಯನ್ನು ತಮಗೆ ಬೇಕಾದಂತೆ ಹೇಳಿದರು: ತಾವು ಸೋತದ್ದು ಸಂಖ್ಯೆಗೆ ಮಾತ್ರ, ಹೋರಾಡಿದ್ದು ಗುಲಾಮಗಿರಿಗಾಗಿ ಅಲ್ಲವೇ ಅಲ್ಲ. ಆ ಕಥೆಗೆ ತಪ್ಪೇ ಮಾಡದ ಲೀ ಬೇಕಿದ್ದ. ಹಾಗಾಗಿ ಗೆಟ್ಟಿಸ್‌ಬರ್ಗ್ ಸೋಲಿನ ಹೊರೆಯನ್ನು, ಆ ದಾಳಿ ಬೇಡವೆಂದಿದ್ದ ಲಾಂಗ್‌ಸ್ಟ್ರೀಟ್‌ನ ತಲೆಗೇ ಕಟ್ಟಿದರು.