ಡಿಹೈಡ್ರಿನ್ ಪ್ರೋಟೀನನ್ನ ನಾವು ಯಾಕೆ ಕುದಿಸ್ತೀವಿ

ಪ್ರೋಟೀನ್ ಕೆಲ್ಸ ಅಂದ್ರೆ ಐಸ್ ಮೇಲಿಡಿ, ಬಿಸಿ ತಾಗಿಸ್ಬೇಡಿ ಅಂತ ಎಲ್ರೂ ಕಲ್ತಿರ್ತಾರೆ. ನಮ್ಮ ಲ್ಯಾಬಿಗೆ ಹೊಸದಾಗಿ ಬಂದೋರಿಗೆ ನಾನು ಡಿಹೈಡ್ರಿನ್ ಇರೋ ಟ್ಯೂಬನ್ನ ಕುದಿಯೋ ನೀರಲ್ಲಿ ಹತ್ತು ನಿಮಿಷ ಇಡಿ ಅಂದಾಗ ಒಂದು ಕ್ಷಣ ನನ್ನ ಮುಖಾನೇ ನೋಡ್ತಾರೆ.

ಗಿಡ ಒಣಗೋವಾಗ, ಚಳಿಗೆ ಸಿಕ್ಕಾಗ, ಬೀಜ ಬಲಿಯೋವಾಗ ಈ ಡಿಹೈಡ್ರಿನ್ ಅನ್ನೋ ಪ್ರೋಟೀನ್‌ಗಳು ಜಾಸ್ತಿ ತಯಾರಾಗ್ತವೆ. ಇವು ಸೇರಿರೋ ಎಲ್‌ಇಎ (ಲೇಟ್ ಎಂಬ್ರಿಯೋಜೆನೆಸಿಸ್ ಅಬಂಡೆಂಟ್) ಅನ್ನೋ ಪ್ರೋಟೀನ್ ಗುಂಪನ್ನ 1981ರಲ್ಲಿ ಲಿಯಾನ್ ಡ್ಯೂರ್ ಮತ್ತೆ ಅವರ ಜೊತೆಯವರು ಹತ್ತಿ ಬೀಜದಲ್ಲಿ ಗುರುತಿಸಿದ್ರು. ಇವಕ್ಕೆ ಗಟ್ಟಿ ಆಕಾರ ಇಲ್ಲ, ನೀರಲ್ಲಿ ಬಿಚ್ಚಿದ ದಾರದ ಹಾಗೆ ಅಲೆದಾಡ್ತಿರ್ತವೆ. ಮೊಟ್ಟೆ ಬೆಂದಾಗ ಯಾಕೆ ಗಟ್ಟಿಯಾಗುತ್ತೆ ಹೇಳಿ, ಒಳಗೆ ಮಡಚ್ಕೊಂಡಿದ್ದ ಪ್ರೋಟೀನ್ ಬಿಚ್ಚಿ, ನೀರು ಕಂಡ್ರಾಗದ ಭಾಗಗಳು ಹೊರಗೆ ಬಂದು ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಡಿಹೈಡ್ರಿನ್‌ನಲ್ಲಿ ಬಿಚ್ಚೋಕೆ ಮಡಿಕೇನೇ ಇಲ್ಲ, ಅಂಥ ಭಾಗಗಳೂ ಕಮ್ಮಿ, ಚಾರ್ಜ್ ಜಾಸ್ತಿ, ಹಾಗಾಗಿ ಕುದಿಸಿದ್ರೂ ಕರಗೇ ಇರುತ್ತೆ.

ನಾವು ಲ್ಯಾಬುಗಳಲ್ಲಿ ಬಳಸೋ ಅರಾಬಿಡಾಪ್ಸಿಸ್ ಅನ್ನೋ ಸಣ್ಣ ಗಿಡದ ಇಆರ್‌ಡಿ14 ಅನ್ನೋ ಡಿಹೈಡ್ರಿನ್ನನ್ನ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿಸ್ತೀವಿ. ಸೆಲ್ ಒಡೆದ ತಕ್ಷಣ ಕುದಿಸ್ಬೇಕು, ಇದನ್ನ ನಾಳೆಗೆ ಇಡ್ಬೇಡಿ, ಯಾಕಂದ್ರೆ ಬಿಚ್ಚಿಕೊಂಡಿರೋ ಸರಪಳಿನ ಪ್ರೋಟಿಯೇಸ್‌ಗಳು (ಪ್ರೋಟೀನ್ ಕತ್ತರಿಸೋ ಕಿಣ್ವಗಳು) ಬೇಗ ಕತ್ತರಿಸಿ ಹಾಕ್ತವೆ, ಕುದಿಸಿದ್ರೆ ಅವುಗಳಲ್ಲೂ ಹೆಚ್ಚಿನವು ಸಾಯ್ತವೆ. ಆಮೇಲೆ ಐಸಲ್ಲಿಟ್ಟು 15,000 ಜಿ (ಗುರುತ್ವದ 15,000 ಪಟ್ಟು) ಬಲದಲ್ಲಿ ಸೆಂಟ್ರಿಫ್ಯೂಜ್ ಮಾಡಿ ತಿರುಗಿಸಿದ್ರೆ ಬ್ಯಾಕ್ಟೀರಿಯಾದ ಪ್ರೋಟೀನ್ ಹೆಚ್ಚಿನದು ಬಿಳಿ ಗಸಿಯಾಗಿ ಕೆಳಗೆ ಕೂರುತ್ತೆ, ನಮ್ಮದು ಮೇಲಿನ ತಿಳಿಯಲ್ಲಿ. ಇಷ್ಟಕ್ಕೇ ಶುದ್ಧ ಅಂದ್ಕೊಬೇಡಿ, ಡಿಎನ್‌ಎ, ಆರ್‌ಎನ್‌ಎ, ಶಾಖ ತಡಕೊಳ್ಳೋ ಇತರ ಪ್ರೋಟೀನು ಎಲ್ಲ ಅಲ್ಲೇ ಇರ್ತವೆ. ಅವನ್ನ ಬಿಡಿಸೋಕೆ ಚಾರ್ಜ್ ನೋಡಿ ಬೇರೆ ಮಾಡೋ ಅಯಾನ್ ಎಕ್ಸ್‌ಚೇಂಜ್ ಕಾಲಮ್ ಬೇಕೇ ಬೇಕು.

ನಿಜವಾದ ತಲೆನೋವು ಅಳತೇದು. ಪ್ರೋಟೀನ್ ಅಳೆಯೋಕೆ ಸಾಮಾನ್ಯವಾಗಿ ಬಳಸೋ 280 ನ್ಯಾನೋಮೀಟರ್ ಬೆಳಕನ್ನ ಚೆನ್ನಾಗಿ ಹೀರೋದು ಟ್ರಿಪ್ಟೋಫಾನ್ ಅನ್ನೋ ಅಮೈನೋ ಆಮ್ಲ. ಬಹುತೇಕ ಡಿಹೈಡ್ರಿನ್‌ಗಳಲ್ಲಿ ಅದು ಇರಲ್ಲ, ಅದಕ್ಕೇ ಆ ಬೆಳಕಲ್ಲಿ ನೋಡಿದ್ರೆ ಏನೂ ಇಲ್ಲದ ಹಾಗೆ ಕಾಣುತ್ತೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ "ಮೇಡಂ, ಪ್ರೋಟೀನೇ ಬಂದಿಲ್ಲ" ಅಂತ ಮೂರು ದಿನದ ಕೆಲ್ಸಾನ ಸಿಂಕಿಗೆ ಸುರಿದುಬಿಟ್ಲು. ತಪ್ಪು ನಂದು, ಮೊದಲೇ ಹೇಳಿರ್ಲಿಲ್ಲ, ಇವತ್ತಿಗೂ ಬೇಜಾರಾಗುತ್ತೆ. ಅವತ್ತಿಂದ ಜೆಲ್ (ಪ್ರೋಟೀನನ್ನ ಗಾತ್ರದ ಮೇಲೆ ಬೇರೆ ಮಾಡಿ ತೋರಿಸೋದು) ನೋಡದೆ ಕಾಲಮ್ಮಿಂದ ಬಂದ ಯಾವ ಫ್ರಾಕ್ಷನ್ನೂ (ಪಾಲೂ) ಚೆಲ್ಲೋ ಹಾಗಿಲ್ಲ, ಕಾಲಮ್ಮನ್ನ ಪ್ರೋಟೀನ್ ಸರಪಳಿಯ ಕೊಂಡಿಗಳೇ ಬೆಳಕು ಹೀರೋ 205ರಿಂದ 220 ನ್ಯಾನೋಮೀಟರ್ ಮಧ್ಯೆ ನೋಡ್ತೀವಿ.

ಜೆಲ್ ಕೂಡ ದಾರಿ ತಪ್ಪಿಸುತ್ತೆ. ಜೆಲ್ಲಲ್ಲಿ ಪ್ರೋಟೀನಿಗೆ ಅಂಟಿ ಚಾರ್ಜ್ ಕೊಟ್ಟು ಓಡಿಸೋ ಎಸ್‌ಡಿಎಸ್ ಅನ್ನೋ ಡಿಟರ್ಜೆಂಟನ್ನ ಇವು ಕಮ್ಮಿ ಹಿಡ್ಕೊಳ್ಳೋದ್ರಿಂದ ನಿಧಾನ ಓಡ್ತವೆ, ನಿಜ ತೂಕದ 1.2ರಿಂದ 1.8 ಪಟ್ಟು ದೊಡ್ಡದಾಗಿ ಕಾಣ್ತವೆ. ಇಆರ್‌ಡಿ14 ಸುಮಾರು 21 ಕಿಲೋಡಾಲ್ಟನ್, ಬ್ಯಾಂಡು 30ರ ಹತ್ರ ಬಂದ್ರೆ ಗಾಬರಿ ಬೇಡ, ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳ್ಸಿ ತೂಕ ಖಚಿತ ಮಾಡ್ಕೊಳ್ಳಿ.

ಇನ್ನೊಂದು, ಗಿಡದೊಳಗೆ ಇಆರ್‌ಡಿ14ಕ್ಕೆ ಫಾಸ್ಫೇಟ್ ಅಂಟಿಕೊಳ್ಳುತ್ತೆ, ಕ್ಯಾಲ್ಸಿಯಂ ಹಿಡಿಯೋ ಗುಣ ಬರೋದೇ ಅದ್ರಿಂದ. ಇ. ಕೋಲಿ ಆ ಕೆಲ್ಸ ಮಾಡ್ಕೊಡಲ್ಲ. ಅದಕ್ಕೇ ಕ್ಯಾಲ್ಸಿಯಂ ಪ್ರಯೋಗಕ್ಕೆ ಮುಂಚೆ ಕೇಸೀನ್ ಕೈನೇಸ್ 2 ಅನ್ನೋ ಕಿಣ್ವ ಹಾಕಿ ಫಾಸ್ಫೇಟ್ ಸೇರಿಸ್ತೀವಿ, ಸೇರಿಸದ ಒಂದು ಟ್ಯೂಬನ್ನೂ ಪಕ್ಕದಲ್ಲೇ ಇಟ್ಕೊಂಡು ಎರಡನ್ನೂ ಒಟ್ಟಿಗೆ ಓಡಿಸ್ತೀವಿ.